ಕೌದಿಯ ನಾಲ್ಕನೆಯ ಮೂಲೆ

ಅರಗಿನ ಮುದ್ರೆ ಒಡೆದು ಮೇಜಿನ ಮೇಲೆ ಚೂರಾಯಿತು. ಒಂದು ಕೆಂಪು ಚೂರು ಉರುಳುತ್ತ ಬಂದು ಶೆಟ್ಟೆವ್ವನ ಮುಂದೆ ನಿಂತಿತು. ಅವಳು ಅದನ್ನು ಮುಟ್ಟಲಿಲ್ಲ.

“ಗಂಟು ಬಿಚ್ಚಿ,” ಎಂದರು ವಿಚಾರಣೆಯ ಅಧಿಕಾರಿ ಶಿವಾನಿ ಮೇಡಂ.

ಉಗ್ರಾಣ ನೋಡಿಕೊಳ್ಳುವ ರಸೂಲಸಾಬ ದಾರ ಬಿಚ್ಚಿದ. ಬಿಳಿ ಬಟ್ಟೆ ನಾಲ್ಕು ಕಡೆಗೂ ಜಾರಿತು. ಒಳಗಿದ್ದ ಕೌದಿಯನ್ನು ಅವನು ಮೇಜಿನ ಮೇಲೆ ಹಾಸಿದಾಗ ಕೋಣೆಗೆ ಬೇವಿನೆಲೆಯ ಒಣ ವಾಸನೆ ಬಂತು. ಮೇಲಿನ ಫ್ಯಾನಿನ ಗಾಳಿಗೆ ಕೌದಿಯ ನಡು ಏಳುತ್ತಿತ್ತು, ಇಳಿಯುತ್ತಿತ್ತು. ಒಳಗೆ ಯಾರೋ ಮಲಗಿ ಉಸಿರಾಡುತ್ತಿರುವಂತೆ.

ವಕೀಲೆ ಫರಹತಳ ಕೈ ಹಿಡಿದಿದ್ದ ಶೆಟ್ಟೆವ್ವನ ಬೆರಳು ಬಿಗಿಯಾದವು. ಏನೇ ಕಂಡರೂ ತಾನು ಕೇಳುವವರೆಗೆ ಮಾತಾಡಬಾರದೆಂದು ಫರಹತ ಬಸ್ಸಿನಲ್ಲೇ ಹೇಳಿ ಕರೆತಂದಿದ್ದಳು.

ಮುದ್ದೇಬಿಹಾಳ ತಾಲ್ಲೂಕಿನ ಮುಳುಗಡೆ ಊರಿನ ಹೆಣ್ಣುಮಕ್ಕಳ ಸಂಘ ವಸತಿ ನಿಲಯಗಳ ಮಕ್ಕಳಿಗೆ ಕೌದಿ ಹೊಲಿದುಕೊಡಲು ಟೆಂಡರ್ ಹಾಕಿತ್ತು. ಅವರ ನಮೂನೆ ಕೊಳೆತು ನಾರುತ್ತಿದೆ ಎಂದು ಸಮಿತಿ ತಳ್ಳಿಹಾಕಿ, ಗುತ್ತಿಗೆಯನ್ನು ಇಂಡಿ ಊರಿನ ಅನಿಲಕುಮಾರನಿಗೆ ಕೊಟ್ಟಿತ್ತು. ಅದೇ ಸಂಜೆ, ನಮೂನೆ ಹೊಲಿದಿದ್ದ ಸಿದ್ದವ್ವನ ಚಪ್ಪಲಿಗಳು ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಸಿಕ್ಕಿದವು. ಸಿದ್ದವ್ವ ಸಿಗಲಿಲ್ಲ.

ಊರು ತನಗೆ ಬೇಕಾದ ಕತೆಯನ್ನು ತಾನೇ ಕಟ್ಟಿಕೊಂಡಿತು. ಒಳ್ಳೆ ಕೌದಿಯನ್ನು ಸಿದ್ದವ್ವ ಕಂಪನಿಯವನಿಗೆ ಮಾರಿಕೊಂಡಳಂತೆ, ಸಂಘದ ಹೆಸರಲ್ಲಿ ಕೊಳಕು ಗಂಟು ಇಟ್ಟಳಂತೆ, ಗುಟ್ಟು ಒಡೆಯುತ್ತದೆಂದು ನೀರಿಗೆ ಬಿದ್ದಳಂತೆ.

ಸಿದ್ದವ್ವ ಶೆಟ್ಟೆವ್ವನ ಬೆನ್ನಿಗೆ ಬಿದ್ದ ತಂಗಿ.

“ಟೆಂಡರ ಹೋದ್ರ ಹೋಗ್ಲಿ ಯವ್ವಾ,” ಎಂದಿದ್ದಳು ಶೆಟ್ಟೆವ್ವ, ಸಿಂದಗಿಗೆ ಬಂದು ಫರಹತಳ ಕಚೇರಿಯ ಹೊಸ್ತಿಲ ಮೇಲೇ ಕೂತು. “ನನ್ನ ತಂಗಿ ಕಳ್ಳಿ ಅನಿಸ್ಕೊಂಡು ಹೋಗಬಾರದು. ಅಷ್ಟ ಮಾಡಿಕೊಡು.”

ಗುತ್ತಿಗೆ ಪ್ರಶ್ನಿಸಿ ಹಾಕಿದ ಮೇಲ್ಮನವಿಯ ಕೊನೆಯ ವಿಚಾರಣೆ ಇವತ್ತು. ತಡೆಯಾಜ್ಞೆಯೂ ಇವತ್ತಿಗೇ ಮುಗಿಯುತ್ತದೆ. ಬಸವನ ಬಾಗೇವಾಡಿಯ ಈ ಹಳೆಯ ಕಚೇರಿಯಲ್ಲಿ, ಎರಡೂ ನಮೂನೆಗಳನ್ನು ಎರಡೂ ಕಡೆಯವರ ಎದುರಿಗೆ ಬಿಚ್ಚಿ ನೋಡಬೇಕೆಂದು ಫರಹತ ಹಟ ಹಿಡಿದು ಆದೇಶ ಪಡೆದಿದ್ದಳು.

ಈಗ ಬಿಚ್ಚಿದ ಗಂಟಿನ ಮೇಲಿದ್ದದ್ದು ಅನಿಲಕುಮಾರನ ಚೀಟಿ. ಇನ್ನೊಂದು ಮೇಜಿನ ಮೇಲೆ ಸಂಘದ ಚೀಟಿ ಅಂಟಿಸಿದ ಕೌದಿ ಬಿದ್ದಿತ್ತು. ಹಸಿ ನೆಲದಲ್ಲಿ ಇಟ್ಟು ಮರೆತ ಗೋಣಿಚೀಲದಂತೆ. ಅದರ ಹತ್ತಿರ ಯಾರೂ ಹೋಗಲಿಲ್ಲ.

“ನೋಡಿದ್ರೆಲ್ರಿ,” ಎಂದ ಅನಿಲಕುಮಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲ ಬಳಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ. “ಕಣ್ಣ ಇದ್ದವರಿಗೆ ವಕೀಲರು ಬೇಕಾಗಂಗಿಲ್ಲ. ಯಾವುದು ಚೊಲೋದು, ಯಾವುದು ಕೆಟ್ಟದ್ದು, ಸಣ್ಣ ಕೂಸೂ ಹೇಳ್ತದ.”

“ಆ ಚೀಲದಲ್ಲೇನು?” ಶಿವಾನಿ ಮೇಡಂ ಕೇಳಿದರು. ಮೈಸೂರು ಕಡೆಯವರು. ಈ ಊರಿನ ಮಾತಿನ ಓಟಕ್ಕೆ ಇನ್ನೂ ತುಸು ಹಿಂದೆಯೇ ಇದ್ದರು.

“ನೀವ ಹೇಳಿದ್ರೆಲ್ರಿ, ತಯಾರಾದ ಮಾಲಿನ್ಯಾಗಿಂದು ಒಂದು ತಗೊಂಡ್ ಬಾ ಅಂತ. ಮೊನ್ನೆ ಹೊಲದದ್ದು, ಹೊಸಾದು. ಇದಕಿಂತ ಒಂದ ಕೈ ಮ್ಯಾಲ ಐತಿ.”

“ಅದು ಆಮೇಲೆ. ಮೊದಲು ಇದು. ಫರಹತ ಅವರೇ, ನೀವು ಏನು ತೋರಿಸಬೇಕು ಅಂದಿದ್ರಿ?”

ಫರಹತ ಎದ್ದು ಕೌದಿಯ ಹತ್ತಿರ ಹೋದಳು. ಕೆಂಪು, ಕಪ್ಪು, ಅರಿಶಿನ ಬಣ್ಣದ ತುಂಡುಗಳು. ಯಾರದೋ ಕುಪ್ಪಸ, ಯಾರದೋ ಮಗುವಿನ ಲಂಗ, ಯಾರದೋ ತಲೆಯ ಪಟಗ. ಸಾಲು ಸಾಲು ಹೊಲಿಗೆ, ಉತ್ತಿದ ಹೊಲದ ಹಾಗೆ.

ಹುಡುಗಿಯಾಗಿದ್ದಾಗ ಅಜ್ಜಿ ನಾನಿಯ ಕೌದಿಯೊಳಗೆ ಕಾಲು ತೂರಿಸಿಕೊಂಡು ಕೇಳಿದ ಕತೆ ನೆನಪಾಯಿತು. ಉಪವಾಸ ಕೆಡವಿದ ಕೌದಿ ಹೊದ್ದವರ ಕನಸು ತಿನ್ನುತ್ತದೆ. ಕನಸು ಸಾಲದಿದ್ದರೆ ಎದ್ದು ನಡೆಯುತ್ತದೆ, ಹೊಲಿದವಳ ಮನೆ ಹುಡುಕಿಕೊಂಡು. ಆಗ ನಾನಿ ಮೆಲ್ಲಗೆ ಕೌದಿಯ ಮೂಲೆ ಅವಳ ಬೆರಳಿಗೆ ತಾಗಿಸುತ್ತಿದ್ದಳು. ಒಳಗೆ ಜೋಳದ ಕಾಳು. “ನಮ್ಮದು ಉಂಡೈತಿ. ಮಲ್ಕೋ.”

“ಮೇಡಂ, ನಮ್ಮ ಕಡೆ ಕೌದಿನ್ನ ಉಪವಾಸ ಕೆಡವಂಗಿಲ್ಲ,” ಎಂದಳು ಫರಹತ. “ಮೂರು ಮೂಲಿ ಹೊಲದ ಮ್ಯಾಲ ನಾಲ್ಕನೇದ್ರಾಗ ಒಂದು ತುತ್ತು ಇಡ್ತಾರ. ಕಾಳೋ, ಬೀಜಾನೋ. ಆಮ್ಯಾಲ ಮುಚ್ತಾರ.”

ಅನಿಲಕುಮಾರ ನಕ್ಕ. “ಮೇಡಂರ, ಟೆಂಡರ್ ಷರತ್ತಿನ್ಯಾಗ ಉದ್ದ ಐತಿ, ಅಗಲ ಐತಿ, ತೂಕ ಐತಿ. ಕೌದಿ ಊಟಾ ಮಾಡಿರಬೇಕು ಅಂತ ಎಲ್ಲಿ ಐತ್ರಿ?”

ರಸೂಲಸಾಬ ಕೆಮ್ಮಿದಂತೆ ಮಾಡಿ ನಗು ನುಂಗಿದ.

“ಮಾಡೇತೋ ಇಲ್ಲೋ, ಮುಟ್ಟಿ ನೋಡೋಣಂತ್ರಿ,” ಎಂದಳು ಫರಹತ. ಮೊದಲು ಅವಳು ಹೋದದ್ದು ಇನ್ನೊಂದು ಮೇಜಿಗೆ. ಕೊಳೆತ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಸುಕಿದಳು. ಎಲ್ಲವೂ ಚಪ್ಪಟೆ, ಮೆತ್ತಗೆ. ಶಿವಾನಿ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ತಾವೂ ಮುಟ್ಟಿ ನೋಡಿದರು.

“ಏನೂ ಇಲ್ಲ.”

“ಇದು ಉಪವಾಸದ ಕೌದಿ. ಮಷೀನಿನ ಹೊಲಿಗಿ, ಮ್ಯಾಲೊಂದು ಕೈಹೊಲಿಗಿ ಎಳದಾರ. ನಮ್ಮ ಸಂಘದಾಗ ಇಂಥಾದ್ದು ಯಾರೂ ಹೊಲಿಯಂಗಿಲ್ಲ.”

“ಹಂಗಂತ ನೀವು ಹೇಳ್ತೀರಿ,” ಎಂದ ಅನಿಲಕುಮಾರ.

“ಹೌದ್ರಿ. ಈಗ ನಿಮ್ಮದು.”

ಅವನ ಕೌದಿಯ ಮೂರು ಮೂಲೆ ಮೆತ್ತಗಿದ್ದವು. ನಾಲ್ಕನೆಯದರಲ್ಲಿ ಫರಹತಳ ಬೆರಳು ನಿಂತಿತು. ಒಳಗೆ ಒಂದು ಗಟ್ಟಿ ಗಂಟು. ಒತ್ತಿದರೆ ಸರಿಯುತ್ತಿತ್ತು.

ಮೂಲೆ ಬಿಚ್ಚಲು ರಸೂಲಸಾಬ ಕತ್ತರಿ ತಂದ. ಹೊಲಿಗೆಗೆ ಕತ್ತರಿ ಹಚ್ಚಬೇಕೆನ್ನುವಷ್ಟರಲ್ಲಿ ಫರಹತ ಅವನ ಕೈ ತಡೆದಳು.

“ಹೊಲಿಗಿ ಮುಟ್ಟಬ್ಯಾಡ ಚಾಚಾ. ಹಿಂದಿನ ಅರಿವಿ ಸೀಳು.”

“ಯಾಕೆ?” ಎಂದರು ಶಿವಾನಿ ಮೇಡಂ.

“ಆಮ್ಯಾಲ ಹೇಳ್ತೇನ್ರಿ.”

ರಸೂಲಸಾಬ ಅವಳ ಮುಖವನ್ನೊಮ್ಮೆ ನೋಡಿದ. ಹಿಂಬದಿಯ ಬಟ್ಟೆ ಸೀಳಿ, ಮೂಲೆಯನ್ನು ಬಗ್ಗಿಸಿ ಕುಟ್ಟಿದ. ಟಕ್ ಎಂದು ಒಂದು ಹುಣಸೆ ಬೀಜ ಮೇಜಿನ ಮೇಲೆ ಬಿತ್ತು.

ಅಗಲವಾದ ಬೀಜ, ಹೆಚ್ಚೂಕಡಿಮೆ ಕಪ್ಪು. ಒಂದು ಬದಿಯಲ್ಲಿ ಬೆರಳೊತ್ತಿದಂಥ ತಗ್ಗು.

ಶೆಟ್ಟೆವ್ವನ ಗಂಟಲಿನಿಂದ ಸಣ್ಣದೊಂದು ದನಿ ಬಂತು. ಫರಹತ ತಲೆ ಆಡಿಸಿದಳು. ಈಗ ಮಾತಾಡಬಹುದು.

“ಇದು ನಮ್ಮ ಹಳೆ ಊರಿನ ಹುಣಸಿಮರದ್ದರಿ,” ಎಂದಳು ಶೆಟ್ಟೆವ್ವ. “ಈಗ ಅದು ನೀರಾಗೈತಿ. ಬ್ಯಾಸಗ್ಯಾಗ ನೀರಿಳಿದ್ರ ಬೊಡ್ಡಿ ಕಾಣತೈತಿ, ಕರ್ರಗ, ಕೈ ಎತ್ತಿ ಕರದಂಗ. ಊರು ಬಿಡೋ ವರ್ಷ ನಮ್ಮವ್ವ ಬೀಜಾ ಆರಿಸಿ ಡಬ್ಬ್ಯಾಗ ತುಂಬಿಕೊಂಡು ಬಂದ್ಲು. ಸಿದ್ದಿ ಹೊಲದದ್ದಕ್ಕ ಇದ ತುತ್ತು. ಬ್ಯಾರೆ ಏನೂ ಇಡತಿದ್ದಿಲ್ಲ. ‘ಮಕ್ಕಳು ಹೊದ್ಕೊಳ್ಳಿ ಅಕ್ಕಾ, ನಮ್ಮೂರಿನ ನೆಳ್ಳು ಅವರ ಮ್ಯಾಲ ಇರ್ಲಿ’ ಅಂತಿದ್ಲು.”

ಅವಳು ಸೊಂಟದ ಸಂಚಿಯಿಂದ ಒಂದು ಹಿಡಿ ಬೀಜ ತೆಗೆದು ಮೇಜಿನ ಮೇಲೆ ಸುರಿದಳು. ಎಲ್ಲಕ್ಕೂ ಅದೇ ಕಪ್ಪು, ಅದೇ ತಗ್ಗು. ಬಿದ್ದ ಬೀಜ ಅವುಗಳ ನಡುವೆ ಹೋಗಿ ಸೇರಿದ್ದರೆ ಮತ್ತೆ ಆರಿಸಲಾಗುತ್ತಿರಲಿಲ್ಲ.

ಶಿವಾನಿ ಮೇಡಂ ಒಂದು ಬೀಜ ಎತ್ತಿ, ಕೌದಿಯಿಂದ ಬಿದ್ದದ್ದರ ಪಕ್ಕ ಹಿಡಿದು ನೋಡಿದರು. “ಅನಿಲಕುಮಾರ್, ಇದು ನಿಮ್ಮ ಶೆಡ್ಡಿನಲ್ಲಿ ಹೊಲಿಸಿದ ನಮೂನೆ ಅಂತ ಬರೆದುಕೊಟ್ಟಿದ್ದೀರಿ.”

ಅನಿಲಕುಮಾರ ಉತ್ತರಿಸುವ ಮೊದಲು ಕುರ್ಚಿಗೆ ಒರಗಿದ. ಹೀಗಾಗಬಹುದೆಂದು ಅವನು ಮೊದಲೇ ಯೋಚಿಸಿಕೊಂಡು ಬಂದಿದ್ದಾನೆಂದು ಫರಹತಳಿಗೆ ಆ ಒರಗುವಿಕೆಯಲ್ಲೇ ತಿಳಿಯಿತು.

“ಸತ್ತವರ ಮರ್ಯಾದಿ ಹೋಗಬಾರದು ಅಂತ ಸುಮ್ಮನಿದ್ದೆನ್ರಿ,” ಎಂದ. “ಇವರ ಬಿಡವಲ್ರು. ಹೌದ್ರಿ, ಸಿದ್ದವ್ವನ ಹೊಲದಾಳ. ನನಗ ಮಾರ್ಯಾಳ. ನಮೂನಿ ಯಾರ ಕಡಿಂದ ಹೊಲಿಸಿದ್ರ ಏನು? ಹೊಲಸು ಕೌದಿ ಇವರ ಗಂಟಿನ್ಯಾಗ ಹೆಂಗ ಬಂತು ಅನ್ನೋದು ಆಕಿನ್ನ ಕೇಳಬೇಕಿತ್ತು. ಈಗ ನೀರಿನ್ನ ಕೇಳ್ರಿ.”

ಶೆಟ್ಟೆವ್ವ ಬೀಜಗಳನ್ನು ಮೆಲ್ಲಗೆ ಒಟ್ಟುಗೂಡಿಸತೊಡಗಿದಳು. ಮುಖದಲ್ಲಿ ಏನೂ ಇರಲಿಲ್ಲ. ನೀರಿಳಿದ ಮೇಲೆ ಕಾಣುವ ಮನೆಯ ಗೋಡೆಯಂತೆ.

ಫರಹತಳಿಗೆ ಇದೇ ಭಯವಿತ್ತು. ಮೇಲ್ಮನವಿ ಗೆಲ್ಲಿಸುವ ಸಾಕ್ಷಿಯೇ ಸಿದ್ದವ್ವನ ಮೇಲೆ ಕಳ್ಳತನದ ಮಣ್ಣು ಹಾಕುವ ಸಾಕ್ಷಿಯೂ ಆಗಬಹುದು. ಬಸ್ಸಿನಲ್ಲಿ ಅದನ್ನೂ ಹೇಳಿದ್ದಳು. ಆಗ ಶೆಟ್ಟೆವ್ವ ಕಿಟಕಿಯಾಚೆ ನೋಡುತ್ತ, “ಬಿಚ್ಚು ಯವ್ವಾ. ನನ್ನ ತಂಗಿ ಕೈ ನನಗೊತ್ತು,” ಎಂದಿದ್ದಳು.

“ಯಾವಾಗ ಮಾರಿದ್ಲ್ರಿ?” ಎಂದಳು ಫರಹತ, ತೀರ ಸಹಜವಾಗಿ.

“ನಮೂನಿ ಕೊಡೋ ಕಡೇ ದಿನ. ಮುಂಜಾನಿ.”

“ಎಲ್ಲೆ?”

“ಮುದ್ದೇಬಿಹಾಳ ಬಸ್‌ಸ್ಟ್ಯಾಂಡಿನ್ಯಾಗ. ಟವೆಲ್ದಾಗ ಸುತ್ತಿ ತಂದಿದ್ಲು.”

“ಪೂರಾ ಮುಗಿದಿತ್ತೇನ್ರಿ? ಇಲ್ಲಾ ನೀವು ಆಮ್ಯಾಲ ಯಾರ ಕಡಿಂದಾದ್ರೂ ಮುಗಿಸಿದ್ರೋ?”

“ಪೂರಾ. ನಾಕೂ ಮೂಲಿ ನೋಡೇ ತಗೊಂಡೇನಿ. ನಾ ಏನ ಹುಚ್ಚೇನ್ರಿ, ಅರ್ಧಾ ಮರ್ಧಾ ತಗೋಳಾಕ?”

“ನಾಲ್ಕನೇ ಮೂಲಿನೂ ಮುಚ್ಚಿತ್ತು.”

“ಮುಚ್ಚಿತ್ತಂದ್ನಲ್ಲ.”

“ಅದರ ಮ್ಯಾಲ ಮತ್ತ್ಯಾರೂ ಸೂಜಿ ಹಾಕಿಲ್ಲ.”

“ಇಲ್ರಿ. ಆಕಿ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಈ ಉಗ್ರಾಣಕ್ಕ. ಸಾಕಲ್ಲ?”

“ಸಾಕ್ರಿ,” ಎಂದಳು ಫರಹತ.

ಅವಳು ತನ್ನ ಚೀಲದಿಂದ ಒಂದು ಬಿಳಿ ಬಟ್ಟೆಯ ತುಂಡು, ಸೂಜಿ, ಕರಿ ದಾರ ತೆಗೆದು ಶೆಟ್ಟೆವ್ವನ ಮುಂದಿಟ್ಟಳು.

“ಅವ್ವಾ, ಈ ಅಂಚು ಮಡಚಿ ಹೊಲಿ. ಮೂಲಿ ಮುಚ್ತೀಯಲ್ಲ, ಹಂಗ.”

ಶೆಟ್ಟೆವ್ವ ದಾರ ಪೋಣಿಸಿದಳು. ಸೂಜಿ ಹಿಡಿದದ್ದು ಎಡಗೈಯಲ್ಲಿ.

ಫ್ಯಾನು ಕಿರುಗುಟ್ಟುತ್ತಿತ್ತು. ದಾರ ಬಟ್ಟೆಯೊಳಗೆ ಹೊಕ್ಕು ಹೊರಬರುವ ಸದ್ದೂ ಕೇಳುತ್ತಿದೆ ಎಂದು ಫರಹತಳಿಗೆ ಅನಿಸಿತು. ಅಂಚಿನ ಮೇಲೆ ಹತ್ತಿ ಇಳಿಯುವ ಹೊಲಿಗೆಗಳು ಒಂದರ ಪಕ್ಕ ಒಂದು ಓರೆಯಾಗಿ ಮಲಗಿದವು, ಗಾಳಿಗೆ ಒಂದೇ ಕಡೆ ಬಾಗಿದ ಜೋಳದ ದಂಟಿನಂತೆ.

ಫರಹತ ಆ ತುಂಡನ್ನು ತೆಗೆದುಕೊಂಡು ಕೌದಿಯ ನಾಲ್ಕನೆಯ ಮೂಲೆಯ ಪಕ್ಕ ಇಟ್ಟಳು.

“ಮೇಡಂ, ಕೌದಿ ಅಂಚಿನ ಎಲ್ಲಾ ಹೊಲಿಗಿ ನೋಡ್ರಿ. ಎಲ್ಲಾ ಬಲಕ್ಕ ಬಾಗ್ಯಾವ. ಬಲಗೈಯಾಕಿ ಹೊಲದದ್ದು. ಈ ಮೂಲಿ ಒಂದ ನೋಡ್ರಿ.”

ಶಿವಾನಿ ಮೇಡಂ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಬಗ್ಗಿದರು. ನಾಲ್ಕನೆಯ ಮೂಲೆಯ ಹೊಲಿಗೆ ಎಡಕ್ಕೆ ಬಾಗಿತ್ತು. ಬಿಳಿ ತುಂಡಿನ ಮೇಲಿನ ಹೊಲಿಗೆಯೂ ಹಾಗೆಯೇ. ಎರಡರ ಓರೆಯೂ ಒಂದೇ.

“ಸಿದ್ದವ್ವ ಬಲಗೈಯವಳೇ?”

“ಬಲಗೈರಿ,” ಎಂದಳು ಶೆಟ್ಟೆವ್ವ. “ನಾ ಎಡಗೈ. ಸಣ್ಣಾಕಿದ್ದಾಗ ಊಟಕ್ಕ ಕುಂತ್ರ ಇಬ್ಬರ ಮೊಳಕೈ ಬಡಿತಿದ್ವು. ಅವ್ವ ಬೈತಿದ್ಲು.”

“ತುತ್ತು ಇಡಾಕಿ ಹೊಲದಾಕಿ, ಮುಚ್ಚಾಕಿ ಹಿರ್ಯಾಕಿ,” ಎಂದಳು ಫರಹತ. “ಹೊಲದಾಕಿ ತನ್ನ ಮೂಲಿ ತಾನ ಮುಚ್ಚಂಗಿಲ್ಲ. ಮುಚ್ಚಿದ್ರ ತನ್ನ ಆಯುಷ್ಯಾನೂ ಒಳಗ ಹೊಲಕೊಂಡಂಗ ಅಂತ ನಮ್ಮ ನಾನಿ ಹೇಳತಿದ್ಲು. ಕೌದಿ ಕೈ ಬಿಟ್ಟು ಹೊಂಟಾಗ ಕಡೇಕ ಮುಚ್ಚತಾರ. ಆ ದಿನ ಶೆಟ್ಟೆವ್ವ ಮುಚ್ಚಿದ್ದು ಮನ್ಯಾಗಲ್ಲ, ಮುದ್ದೇಬಿಹಾಳದಾಗೂ ಅಲ್ಲ.”

ಅವಳು ಕಿಟಕಿಯತ್ತ ಕೈ ತೋರಿಸಿದಳು. ಹೊರಗೆ ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ.

“ಆ ಕಟ್ಟಿ ಮ್ಯಾಲ. ಮಧ್ಯಾಹ್ನ. ಆಮ್ಯಾಲ ಅರಿವ್ಯಾಗ ಕಟ್ಟಿ, ಅರಗ ಹಚ್ಚಿ, ತಾನ ಒಳಗ ಬಂದು ಕೊಟ್ಟಾಳ. ಅನಿಲಕುಮಾರ ಅವರು ಮುಂಜಾನಿ ನೋಡಿದ ನಾಲ್ಕನೇ ಮೂಲಿ, ಮುಂಜಾನಿ ಇನ್ನೂ ತೆರದ ಇತ್ರಿ.”

ಅನಿಲಕುಮಾರನ ಬೆನ್ನು ಕುರ್ಚಿಯಿಂದ ಮುಂದಕ್ಕೆ ಬಂತು. “ಇವರಿವರ ಹೇಳಕೊಂಡ್ರ ಆತೇನ್ರಿ? ಕಟ್ಟಿ ಮ್ಯಾಲ ಹೊಲದದ್ದು ಯಾರು ನೋಡ್ಯಾರ?”

ಫರಹತ ಅವನ ಕಡೆ ತಿರುಗಲಿಲ್ಲ. “ರಸೂಲ ಚಾಚಾ,” ಎಂದಳು. “ಅವತ್ತು ದಾರ ಕತ್ತರಸಾಕ ಶೆಟ್ಟೆವ್ವಗ ಏನೂ ಇದ್ದಿಲ್ಲ.”

ರಸೂಲಸಾಬ ಕೈಯಲ್ಲಿದ್ದ ಕತ್ತರಿಯನ್ನು ನೋಡಿಕೊಂಡ. ನಂತರ ಅದನ್ನು ಮೇಜಿನ ಮೇಲಿಟ್ಟ.

“ಇದ ಕತ್ರಿ ಕೊಟ್ಟೇನಿ ಬೇಟಿ,” ಎಂದ. “ಏನೈತವ್ವ ಒಳಗ ಅಂತನೂ ಕೇಳಿದೆ. ‘ಊರು ಐತಿ’ ಅಂದ್ಲು. ನನಗ ಅರ್ಥ ಆಗಲಿಲ್ಲ. ನಕ್ಕು ಒಳಗ ಹೋದೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದರು ಶಿವಾನಿ ಮೇಡಂ.

“ಯಾರೂ ಕೇಳಲಿಲ್ರಿ. ಕೇಳಿದ್ರೂ ಹೇಳತಿದ್ನೋ ಇಲ್ಲೋ.” ಅವನು ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಕತ್ತರಿಯ ಪಕ್ಕ ಇಟ್ಟ. “ನಮೂನಿ ಕೊಟ್ಟ ಸಂಜಿ ಉಗ್ರಾಣದ ಕೀಲಿ ನನ್ನ ಹತ್ರ ಇದ್ದಿಲ್ರಿ. ಇಸ್ಕೊಂಡವರು ಮರುದಿನ ಕೊಟ್ರು. ಗಂಟಿನ ಚೀಟಿಗೋಳು ಅದಲು ಬದಲು ಆಗಿದ್ದು ಆಗ ನನಗ ತಿಳೀಲಿಲ್ಲ. ಆ ಮಂದಿ ಹೆಸರು ನಿಮಗೊಬ್ಬರಿಗ ಹೇಳ್ತೇನಿ ಮೇಡಂ. ಇಲ್ಲೆ ಹೇಳಂಗಿಲ್ಲ. ನನಗ ಹೆಣ್ಮಕ್ಕಳದಾವ.”

ಅವನ ಕಣ್ಣು ಅನಿಲಕುಮಾರನ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ಬಾಗಿಲಿನತ್ತ ಹೋಯಿತು. ಬಾಗಿಲಾಚೆ ಕಚೇರಿಯ ದೊಡ್ಡ ಕೋಣೆಗಳಿದ್ದವು. ಅವನು ಹೆದರುತ್ತಿರುವುದು ಈ ಬಿಳಿ ಅಂಗಿಯವನಿಗಷ್ಟೇ ಅಲ್ಲ ಎಂದು ಫರಹತ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಶಿವಾನಿ ಮೇಡಂ ಪೆನ್ನು ತೆಗೆದರು. “ಗುತ್ತಿಗೆ ಕೊಟ್ಟ ಆದೇಶಕ್ಕೆ ತಡೆ ಮುಂದುವರಿಯುತ್ತೆ. ನಮೂನೆ ಅದಲು ಬದಲಾದ ಬಗ್ಗೆ ತನಿಖೆ ಆಗಬೇಕು. ಸಂಘದ ಬಿಡ್ಡನ್ನು ಮತ್ತೆ ಪರಿಶೀಲಿಸಬೇಕು. ಎರಡೂ ಕೌದಿ ನನ್ನ ವಶದಲ್ಲಿರುತ್ತೆ.” ತಲೆ ಎತ್ತಿ ಶೆಟ್ಟೆವ್ವನನ್ನು ನೋಡಿದರು. ಅವರ ದನಿ ಸ್ವಲ್ಪ ಬದಲಾಯಿತು. “ನಿಮ್ಮ ತಂಗಿ ಇದನ್ನ ಮಾರಿಲ್ಲ ಅಂತಾನೂ ಬರೀತೀನಿ.”

ಶೆಟ್ಟೆವ್ವ ಕೈ ಮುಗಿದಳು. ಅಳಲಿಲ್ಲ. ಸಂಚಿಯ ದಾರ ಎಳೆದು ಕಟ್ಟುತ್ತಿದ್ದಳು, ಗಂಟು ಬೀಳಲೊಲ್ಲದು.

ಗೆದ್ದ ಸದ್ದು ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಹೆಸರು ತೊಳೆದಾಯಿತು, ಆದರೆ ಹೆಸರಿನವಳು ಎಲ್ಲಿ? ಕಳ್ಳಿ ಅಲ್ಲದವಳು ಯಾಕೆ ನೀರಿಗೆ ಹೋದಳು? ಫರಹತಳ ಕಣ್ಣೆದುರು ಒಮ್ಮೆಲೇ ಆ ದಂಡೆ ಬಂತು. ಒಂದರ ಪಕ್ಕ ಒಂದು ಒಪ್ಪವಾಗಿ ಬಿಟ್ಟ ಚಪ್ಪಲಿಗಳು, ದೂರದಲ್ಲಿ ನೀರಿನಿಂದ ಮೇಲೆ ಬಂದ ಹುಣಸೆಯ ಬೊಡ್ಡೆ. ಅವತ್ತು ಸಿದ್ದವ್ವ ಏನು ಉಟ್ಟಿದ್ದಳೆಂದು ಕೇಳಿದಾಗ ಶೆಟ್ಟೆವ್ವ ಹೇಳಿದ್ದಳು. ಹಸಿರು ಇಳಕಲ್ ಸೀರೆ. ಒಲೆಯ ಕಿಡಿ ಹಾರಿ ಸೆರಗಿನ ಹತ್ತಿರ ತೂತು ಬಿದ್ದಿತ್ತು. ಅದನ್ನು ಕೆಂಪು ದಾರದಲ್ಲಿ ಗುಲಗಂಜಿಯ ಹಾಗೆ ದುಂಡಗೆ ರಫೂ ಮಾಡಿಕೊಂಡಿದ್ದಳು. “ತೂತು ಮುಚ್ಚು ಅಂದ್ರ ಹೂವು ಮಾಡ್ಕೊಂಡು ಕುಂದ್ರಾಕಿ,” ಎಂದು ಹೇಳಿ ಶೆಟ್ಟೆವ್ವ ಆವತ್ತೊಂದೇ ಸಲ ನಕ್ಕಿದ್ದಳು.

“ಇನ್ನ ನಾ ಹೋಗಲ್ರಿ?” ಅನಿಲಕುಮಾರ ಎದ್ದು ಪ್ಲಾಸ್ಟಿಕ್ ಚೀಲ ಎತ್ತಿಕೊಂಡ.

“ಅದನ್ನೂ ಇಟ್ಟು ಹೋಗಿ,” ಎಂದರು ಶಿವಾನಿ ಮೇಡಂ. “ತಯಾರಾದ ಮಾಲು ನೋಡಬೇಕು ಅಂತ ಆದೇಶದಲ್ಲಿದೆ. ನೋಡಿದೆ ಅಂತ ಬರೀಬೇಕಲ್ಲ.”

“ಈಗ ಅದರ ಕೆಲಸ ಏನೈತ್ರಿ?”

“ಇಡಿ.”

ಅವನು ಚೀಲವನ್ನು ಮೇಜಿಗೆ ಎಸೆದ. ರಸೂಲಸಾಬ ಕೌದಿಯನ್ನು ಹೊರತೆಗೆದು ಹಾಸಿದ.

ಒಳ್ಳೆಯ ಕೌದಿ. ಅನಿಲಕುಮಾರ ಸುಳ್ಳು ಹೇಳಿರಲಿಲ್ಲ, ಹಳೆಯದಕ್ಕಿಂತ ಒಂದು ಕೈ ಮೇಲೇ ಇತ್ತು. ಹೊಲಿಗೆಗಳ ಸಾಲು ಇನ್ನೂ ಹತ್ತಿರ, ಇನ್ನೂ ಬಿಗಿ. ಹೊತ್ತು ಹೋಗದವರು, ಹೊರಗೆ ಹೋಗಲಾಗದವರು ಹೊಲಿದಂತೆ. ನಡುವೆ ದೊಡ್ಡದೊಂದು ಹಸಿರು ಚೌಕ.

ಹಸಿರು ಚೌಕದ ಒಂದು ಬದಿಗೆ ಕೆಂಪು ದಾರದ ಸಣ್ಣ ದುಂಡು ಹೂವು.

ಫರಹತಳಿಗೆ ಅದು ಕಂಡ ಕ್ಷಣದಲ್ಲೇ ಪಕ್ಕದಲ್ಲಿ ಕುರ್ಚಿ ಸರಿದ ಸದ್ದು ಕೇಳಿತು. ಶೆಟ್ಟೆವ್ವ ಎದ್ದು ನಿಂತಿದ್ದಳು. ಸಂಚಿ ನೆಲಕ್ಕೆ ಬಿದ್ದು ಬೀಜಗಳು ಮೇಜಿನಡಿಗೆ ಉರುಳಿದವು.

“ಸಿದ್ದಿ ಸೀರಿ,” ಎಂದಳು.

“ಏನಂದ್ರಿ?” ಎಂದರು ಶಿವಾನಿ ಮೇಡಂ.

“ಆಕಿ ಅವತ್ತು ಉಟ್ಟ ಸೀರಿರಿ ಇದು. ಉಟ್ಟುಕೊಂಡ ಹೋಗಿದ್ದು.”

ಶೆಟ್ಟೆವ್ವ ಅಂಗೈಯನ್ನು ಹಸಿರು ಬಟ್ಟೆಯ ಮೇಲಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಆ ಕೈ ತಾನಾಗಿ ಸಾಲು ಹಿಡಿದು ಹೊರಟಿತು. ಒಂದು ಮೂಲೆ. ಇನ್ನೊಂದು. ಮತ್ತೊಂದು.

ನಾಲ್ಕನೆಯ ಮೂಲೆಗೆ ಮುಟ್ಟಿದ ಕೂಡಲೇ ಕೈ ಚಟ್ಟನೆ ಹಿಂದಕ್ಕೆ ಬಂತು. ಬೆರಳ ತುದಿಯಲ್ಲಿ ರಕ್ತದ ಹನಿ.

ಫರಹತ ಮೂಲೆಯ ಮಡಿಕೆ ಬಿಡಿಸಿದಳು. ಒಳಗೆ ಕಪ್ಪು ಹುಣಸೆ ಬೀಜ, ಅದೇ ತಗ್ಗು. ಮೂಲೆ ಮುಚ್ಚಿರಲಿಲ್ಲ. ಬೀಜ ಬೀಳದಂತೆ ಬಟ್ಟೆಯನ್ನು ಒಳಕ್ಕೆ ಮಡಚಿ, ಮಡಿಕೆಯಲ್ಲಿ ಒಂದು ಸೂಜಿ ಚುಚ್ಚಿಟ್ಟಿತ್ತು. ಸೂಜಿಯಲ್ಲಿ ಉದ್ದ ದಾರ. ಮೂಲೆ ಮುಚ್ಚಲು ಸಾಕಾಗುವಷ್ಟು ದಾರ. ದಾರದ ತುದಿಗೆ ಗಂಟು ಕೂಡ ಹಾಕಿಯಾಗಿತ್ತು.

“ನನಗಂತ ಬಿಟ್ಟಾಳ,” ಎಂದಳು ಶೆಟ್ಟೆವ್ವ. “ತಾನ ಮುಚ್ಚಬಾರದು. ಅಲ್ಲೆ ಹಿರೇರು ಯಾರೂ ಇಲ್ಲ.”

“ಅನಿಲಕುಮಾರ್,” ಶಿವಾನಿ ಮೇಡಂ ದನಿ ತಣ್ಣಗಿತ್ತು, “ಇದು ಎಲ್ಲಿಂದ ಬಂತು?”

ಅವನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಸುಳ್ಳು ಸಿಕ್ಕಿಬಿದ್ದಾಗಲೂ ಬಾರದ ಬೆವರು ಈಗ ಅವನ ಹಣೆಯ ಮೇಲಿತ್ತು. ಕಣ್ಣು ಹಸಿರು ಚೌಕವನ್ನು ಬಿಟ್ಟು ಕದಲುತ್ತಿರಲಿಲ್ಲ.

“ಆಲಮೇಲದಾಗ ಹೊಲಿಯಾಕ ಕೊಟ್ಟೇನ್ರಿ, ಅಲ್ಲಿಂದ ಬಂದ ಗಂಟಿನ್ಯಾಗಿತ್ರಿ,” ಎಂದ ಕೊನೆಗೆ. ದನಿಯಲ್ಲಿ ಜೋರಿಲ್ಲ, ಜಂಬವಿಲ್ಲ. “ಚೊಲೋ ಕಾಣ್ತು, ಅದಕ್ಕ ಆರಿಸಿ ತಂದೆ. ಮೊನ್ನೆ ಹೊಲದದ್ದಂದ್ರು. ಸುಳ್ಳಿರಬೇಕು. ಆಕಿ ಹೊಲದಿರಾಕ ಸಾಧ್ಯ ಇಲ್ಲ.”

“ಯಾಕ ಸಾಧ್ಯ ಇಲ್ರಿ?” ಎಂದಳು ಫರಹತ.

“ಆಕಿ ಮುಳುಗ್ಯಾಳ. ಹುಣಸಿ ಬೊಡ್ಡಿ ಹತ್ರ. ಇದ ಸೀರಿ ನೀರ ಮ್ಯಾಲ ಹರವಿಕೊಂಡಿತ್ತು, ಆಮ್ಯಾಲ ಅದೂ ಒಳಗ ಹೋತು. ನಾ ಕಣ್ಣಾರೆ…”

ಅವನು ನಿಲ್ಲಿಸಿದ.

ದಂಡೆಯಲ್ಲಿ ಆ ಸಂಜೆ ಯಾರೂ ಇರಲಿಲ್ಲವೆಂದೇ ಇಷ್ಟು ದಿನ ಎಲ್ಲರೂ ತಿಳಿದಿದ್ದರು.

ರಸೂಲಸಾಬ ಮೆಲ್ಲಗೆ ಹೋಗಿ ಬಾಗಿಲಿಗೆ ಅಡ್ಡ ನಿಂತ. ಫ್ಯಾನಿನ ಗಾಳಿಗೆ ಹಸಿರು ಕೌದಿಯ ನಡು ಎದ್ದಿತು, ಇಳಿಯಿತು.

ಶೆಟ್ಟೆವ್ವ ಮಾತ್ರ ಅವನತ್ತ ನೋಡಲೇ ಇಲ್ಲ. ಎಡಗೈಯಲ್ಲಿ ಸೂಜಿ ಎತ್ತಿಕೊಂಡಿದ್ದಳು. ಬೆಳಕಿಗೆ ಹಿಡಿದು ದಾರವನ್ನು ಬೆರಳಿನಿಂದ ಸವರಿದಳು. ನಂತರ ಅದು ಎಲ್ಲಿತ್ತೋ ಅಲ್ಲಿಯೇ, ಅದೇ ಮಡಿಕೆಯಲ್ಲಿ, ಹಾಗೆಯೇ ಚುಚ್ಚಿಟ್ಟಳು.

“ಆಕಿ ಸಿಗೋತನಕ ನಾ ಮುಚ್ಚಂಗಿಲ್ಲ ಯವ್ವಾ,” ಎಂದಳು ಫರಹತಳಿಗೆ. “ಆಲಮೇಲಕ್ಕ ಬಸ್ಸು ಎಷ್ಟೊತ್ತಿಗೈತಿ ನೋಡು.”